ಹದಿಮೂರು ನಿಮಿಷದ ಹಳ್ಳಿ

ಹೋದ ಸ್ನೇಹಸಮ್ಮೇಳನದಲ್ಲಿ ನಮ್ಮ ಸಂಘ ಆಡಿದ ನಾಟಕ ನೆನಪಿದೆಯಲ್ಲ? ಮೀಸೆ ತಿರುವುವ ಗೌಡ, ಅವನೆದುರು ಗಡಗಡ ನಡುಗುವ ಆಳು, ಕೊಡ ಹೊತ್ತು ಬರುವ ಹುಡುಗಿ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನಾನಂತೂ ನಗಿಸಿದವನು, ಆಳಿನ ಪಾತ್ರ ನನ್ನದೇ. ರಜೆಯಲ್ಲಿ ಗೋಕಾಕದ ಹತ್ತಿರದ ನಮ್ಮೂರಿಗೆ ಹೋದಾಗ ನೋಡುತ್ತೇನೆ, ಅಂಥ ಗೌಡನೂ ಇಲ್ಲ, ಅಂಥ ಆಳೂ ಇಲ್ಲ. ಇದ್ದವರು ಡೈರಿಗೆ ಹಾಲು ಹಾಕಿ ಬಂದು, ಫ್ಯಾಟ್ ಎಷ್ಟು ಬಂತೆಂಬ ಚೀಟಿ ನೋಡಿ ಗೊಣಗುವ ನಮ್ಮ ಕಾಕಾ. ಇದನ್ನು ನಾಟಕ ಮಾಡಲು ಬರುತ್ತದೆಯೇ?

ಬರುತ್ತದೆ ಎಂದು ತೋರಿಸಿಕೊಟ್ಟ ಒಂದು ಬಾನುಲಿ ನಾಟಕದ ಬಗ್ಗೆ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಬಿಬಿಸಿಯ ‘ದಿ ಆರ್ಚರ್ಸ್’. 1950ರ ಮೇ ತಿಂಗಳಲ್ಲಿ ಪ್ರಯೋಗವೆಂದು ಐದು ಕಂತು ಬಂದು, 1951ರ ಜನವರಿ 1ರಿಂದ ದೇಶಕ್ಕೆಲ್ಲ ಪ್ರಸಾರವಾಗತೊಡಗಿ, ಇವತ್ತಿಗೂ ನಡೆದಿದೆ. 2006ರಲ್ಲೇ ಹದಿನೈದು ಸಾವಿರ ಕಂತು ದಾಟಿತ್ತು. ಊರಿನ ಹೆಸರು ಆಂಬ್ರಿಜ್. ನಕಾಶೆಯಲ್ಲಿ ಹುಡುಕಬೇಡಿ, ಕಟ್ಟಿದ ಊರು. ಒಂದು ಕಂತು ಹದಿಮೂರು ನಿಮಿಷದ ಆಸುಪಾಸು.

ನಾನು ಮೊಬೈಲಿಗೆ ಕಿವಿ ಹಚ್ಚಿ ಕೂತಾಗ ನನ್ನ ಬಿಜಾಪುರದ ರೂಮ್‌ಮೇಟ್ ಎರಡು ದಿನ ಕೇಳಿ ಹೇಳಿದ: “ಅಲ್ಲೋ, ಇದರಾಗ ಏನ್ ಐತಿ? ಚಾ ಕುಡೀತಾರ, ಆಕಳ ಸುದ್ದಿ ಮಾತಾಡ್ತಾರ, ಮತ್ತ ಚಾ ಕುಡೀತಾರ.” ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆ ಚಹಾದ ಹಿಂದೆ ಒಂದು ಹಿಕಮತ್ತಿದೆ.

ಯುದ್ಧ 1945ರಲ್ಲೇ ಮುಗಿದರೂ ಬ್ರಿಟನ್ನಿನಲ್ಲಿ 1954ರ ತನಕ ರೇಷನ್ ಇತ್ತು. ರೈತರು ಹೆಚ್ಚು ಬೆಳೆಯಬೇಕು, ಹೊಸ ಪದ್ಧತಿ ಕಲಿಯಬೇಕು. ರೇಡಿಯೋದಲ್ಲಿ ಭಾಷಣ ಕೊಟ್ಟರೆ ಯಾರು ಕೇಳ್ತಾರೆ? 1948ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ರೈತರನ್ನು ಕರೆದು ಸಭೆ ಮಾಡಿದರು. ಒಬ್ಬ ರೈತ ಎದ್ದುನಿಂತು, ನಮಗೆ ಬೇಕಾದದ್ದು ಒಕ್ಕಲುತನದ ‘ಡಿಕ್ ಬಾರ್ಟನ್’ ಅಂದನಂತೆ. ಡಿಕ್ ಬಾರ್ಟನ್ ಎಂದರೆ ಆಗಿನ ಸಾಹಸದ ಧಾರಾವಾಹಿ, ದಿನಾ ಸಂಜೆ ಜನ ಉಸಿರು ಹಿಡಿದು ಕೇಳುತ್ತಿದ್ದದ್ದು. ಸಭೆ ನಕ್ಕಿರಬೇಕು. ಗಾಡ್‌ಫ್ರೀ ಬೇಸ್ಲಿ ಎಂಬ ಬಿಬಿಸಿಯ ಮನುಷ್ಯ ಮಾತ್ರ ಅದನ್ನು ತಲೆಯಲ್ಲಿ ಇಟ್ಟುಕೊಂಡ. ಆ ಸಾಹಸದ ಕಥೆ ಬರೆಯುತ್ತಿದ್ದ ಇಬ್ಬರನ್ನೇ ಹಿಡಿದುತಂದು, ಡ್ಯಾನ್ ಆರ್ಚರ್ ಎಂಬ ಒಕ್ಕಲಿಗ, ಅವನ ಹೆಂಡತಿ ಡೋರಿಸ್, ಅವರ ಮಕ್ಕಳು ಇವರ ಕಥೆ ಬರೆಸಿದ. ಗೊಬ್ಬರದ ಮಾತು, ದನದ ರೋಗದ ಮಾತು, ಎಲ್ಲ ಅಡಿಗೆಮನೆಯ ಜಗಳದೊಳಗೆ ಸೇರಿ ಬರತೊಡಗಿತು. ಕೃಷಿ ಪಾಠ ಹೇಳುವ ಈ ಹೊಣೆ 1972ಕ್ಕೆ ಮುಗಿಯಿತು, ಅಡಿಗೆಮನೆ ಉಳಿಯಿತು. (ನಮ್ಮ ಪುಣೆಗೂ ಇಂಥದರ ಚರಿತ್ರೆಯಿದೆ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿ ಸುತ್ತಲಿನ ಜಿಲ್ಲೆಗಳ ಸುಮಾರು ನೂರೈವತ್ತು ಹಳ್ಳಿಗಳಲ್ಲಿ ಜನರನ್ನು ಕೂಡಿಸಿ ರೇಡಿಯೋ ಕೇಳಿಸಿ ಚರ್ಚೆ ಮಾಡಿಸಿತ್ತು. ಅದು ನಾಟಕವಲ್ಲ, ಬೇರೆ ಲೇಖನದ ವಿಷಯ.)

ಈ ನಾಟಕದಲ್ಲಿ ಕಾಲ ನಮ್ಮ ಕಾಲದ ಜೊತೆಗೇ ನಡೆಯುತ್ತದೆ. ಅಲ್ಲಿ 1959ರಲ್ಲಿ ಹುಟ್ಟಿದ ಕೂಸಿಗೆ ಈಗ ಅರವತ್ತು ದಾಟಿದೆ. ಡ್ಯಾನನ ಮಗ ಫಿಲ್‌ನ ಪಾತ್ರವನ್ನು ನಾರ್ಮನ್ ಪೇಂಟಿಂಗ್ ಎಂಬ ನಟ 1950ರಿಂದ 2009ರಲ್ಲಿ ತಾನು ಸಾಯುವವರೆಗೆ ಮಾಡಿದ. ಪೆಗ್ಗಿಯ ಪಾತ್ರದ ಜೂನ್ ಸ್ಪೆನ್ಸರ್ ಮೊದಲ ಕಂತುಗಳಲ್ಲೇ ಇದ್ದವಳು. ನಡುವೆ ಕೆಲ ವರ್ಷ ಬಿಟ್ಟರೂ ಮತ್ತೆ ಬಂದು, 2022ರಲ್ಲಿ ನಿವೃತ್ತಳಾದಾಗ ಅವಳ ವಯಸ್ಸು 103! ತಾಯಿ ಕೇಳುತ್ತಿದ್ದ ದನಿಯನ್ನೇ ಮಗಳು, ಮೊಮ್ಮಗಳು ಕೇಳಿದ್ದಾರೆ. ಸೊಸೆಯಾಗಿ ಬಂದವಳು ಅಜ್ಜಿಯಾಗುವುದನ್ನು ಕಿವಿಯಿಂದಲೇ ನೋಡಿದ್ದಾರೆ.

ದೊಡ್ಡ ಘಟನೆಗಳೂ ಇಲ್ಲದಿಲ್ಲ. 1955ರ ಸೆಪ್ಟೆಂಬರ್ 22ರಂದು, ಖಾಸಗಿ ಟಿವಿ ಶುರುವಾದ ರಾತ್ರಿಯೇ, ಫಿಲ್‌ನ ಹೊಸ ಹೆಂಡತಿ ಗ್ರೇಸ್ ಕುದುರೆಲಾಯದ ಬೆಂಕಿಯಲ್ಲಿ ಸತ್ತಳು. ದೇಶವೇ ಅತ್ತಿತಂತೆ. ನನಗೆ ಅದು ಟಿವಿಯ ಮದುವೆಮನೆಗೆ ಕಲ್ಲೆಸೆದ ಹಾಗೆ ಕಾಣುತ್ತದೆ. 2016ರಲ್ಲಿ ಹೆಲೆನ್ ಎಂಬವಳು, ವರ್ಷಗಟ್ಟಲೆ ಮಾತಿನಲ್ಲೇ ತನ್ನನ್ನು ಹಿಂಡಿದ ಗಂಡನಿಗೆ ಚಾಕು ಹಾಕಿದ್ದು ಬೇರೆ ಜಾತಿಯ ಕಥೆ. ಅದಕ್ಕೆ ಎರಡು ವರ್ಷ ತಾಳ್ಮೆಯಿಂದ ನೆಲ ಹದ ಮಾಡಿದ್ದರು.

ಆದರೆ ನನ್ನನ್ನು ಹಿಡಿದವರು ಗ್ರಂಡಿ ಮನೆಯವರು. ಈ ಹಳೆಯ ಕಥೆಯನ್ನು ಓದಿ ತಿಳಿದುಕೊಂಡೆ. ಗ್ರಂಡಿಗಳು ಆ ಊರಿನ ನಗೆಪಾತ್ರಗಳು. ಮುದುಕ ಜೋ, ಮಗ ಎಡ್ಡಿ. ಸೋಮಾರಿಗಳು, ಕುಡುಕರು, ಸಣ್ಣಪುಟ್ಟ ಮೋಸದವರು, ಬೇರೆಯವರ ಜಮೀನನ್ನು ಗೇಣಿಗೆ ಮಾಡುವವರು. ವರ್ಷಗಟ್ಟಲೆ ಕೇಳುಗರು ಅವರನ್ನು ಕಂಡು ನಕ್ಕರು, ನಾವು ಆಳನ್ನು ಕಂಡು ನಕ್ಕ ಹಾಗೆ. 2000ದಲ್ಲಿ ಬಾಕಿ ತೀರಿಸಲಾಗದೆ ಅವರನ್ನು ಹೊಲಮನೆಯಿಂದ ಹೊರಗೆ ಹಾಕಿದರು. ಪೇಟೆಯ ಒಂದು ಫ್ಲ್ಯಾಟಿಗೆ ಹೋಗಬೇಕಾಯಿತು. ಜೋ ಸಾಕಿದ್ದ ಫೆರೆಟ್‌ಗಳನ್ನು, ಅಂದರೆ ಮೊಲ ಹಿಡಿಯಲು ಬಳಸುವ ಮುಂಗುಸಿಯಂಥ ಪ್ರಾಣಿಗಳನ್ನು, ಅಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಮುದುಕ ತನ್ನ ಕೈಯಾರೆ ಅವುಗಳನ್ನು ಬಡಿದು ಕೊಂದ. ಇದನ್ನು ಓದಿದ ಮೇಲೆ ನಾನು ಸಮ್ಮೇಳನದ ಫೋಟೋ ತೆಗೆದು ನೋಡಲಿಲ್ಲ.

ಮರುವರ್ಷ, 2001ರಲ್ಲಿ, ಆರ್ಚರ್ ಮನೆಯಲ್ಲೇ ಹಿಸ್ಸೆಯ ಜಗಳ. ಫಿಲ್ ಮತ್ತು ಅವನ ಎರಡನೆಯ ಹೆಂಡತಿ ಜಿಲ್‌ಗೆ ನಾಲ್ಕು ಮಕ್ಕಳು. ಹೊಲದಲ್ಲಿ ದುಡಿದವನು ಡೇವಿಡ್ ಒಬ್ಬನೇ. ನಾಲ್ಕು ಪಾಲು ಮಾಡಿದರೆ ಒಕ್ಕಲುತನ ಉಳಿಯೋದಿಲ್ಲ. ಅವನೊಬ್ಬನಿಗೇ ಬಿಟ್ಟರೆ ಉಳಿದವರ ಗತಿ? ಕಿರಿಯವಳು ಎಲಿಜಬೆತ್ ತಿರುಗಿಬಿದ್ದಳು. ಬಡತನ ಅವಳಿಗಿರಲಿಲ್ಲ, ನ್ಯಾಯ ಬೇಕಿತ್ತು. ಇದನ್ನು ನಾನು ಇಂಗ್ಲಿಷಿನಲ್ಲಿ ಓದುತ್ತಿದ್ದರೂ ನಮ್ಮ ಮನೆಯ ಪಡಸಾಲೆಯ ಮಾತೇ ಕೇಳಿಸುತ್ತಿತ್ತು. ನಮ್ಮದು ನಾಲ್ಕು ಎಕರೆ. ಪುಣೆಗೆ ನೌಕರಿಗೆ ಬಂದ ಅಪ್ಪ ದೀಪಾವಳಿಗೆ ಹೋದಾಗಲೆಲ್ಲ “ನಮ್ಮ ಹಿಸ್ಸೇದ್ದು ಏನ್ ಮಾಡ್ತಿ?” ಅನ್ನುತ್ತಾರೆ. ಕಾಕಾ ಚಹಾದ ಬಟ್ಟಲು ಕೆಳಗಿಟ್ಟು, “ಅಣ್ಣಾ, ಇಪ್ಪತ್ತು ವರ್ಷ ಆತು ಇದನ್ನ ನಾ ದುಡದು” ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ. ಕಾಕೂ ಮತ್ತೆ ಚಹಾ ತರುತ್ತಾಳೆ. ನಾನು ಯಾವಾಗಲೂ ಅಪ್ಪನ ಮಗ್ಗುಲಿಗೇ ಕೂತವನು. ಡೇವಿಡನ ಕಡೆ ವಾದಿಸುತ್ತ ರೂಮ್‌ಮೇಟಿನ ಹತ್ತಿರ ಅರ್ಧ ರಾತ್ರಿ ಜಗಳಾಡಿದ ಮೇಲೆ, ನಾನು ವಾದಿಸಿದ್ದು ಯಾರ ಪರವಾಗಿ ಎಂದು ಹೊಳೆಯಿತು. ಅಪ್ಪನಿಗೆ ಇನ್ನೂ ಹೇಳಿಲ್ಲ.

ಈ ಸಲ ಸಮ್ಮೇಳನಕ್ಕೆ ಹದಿಮೂರು ನಿಮಿಷದ ಕೇಳುನಾಟಕ ಮಾಡೋಣ ಅಂತ ನನ್ನ ಸೂಚನೆ. ಪರದೆಯ ಹಿಂದೆ ಕೂತು ಬರೀ ದನಿ. ಮೀಸೆಯ ಖರ್ಚೂ ಉಳಿಯಿತು. ಬಿಬಿಸಿಯವರು ಹಳೆಯ ಇಸ್ತ್ರಿಮಣೆಯನ್ನು ತೆಗೆದು ಮುಚ್ಚಿ ಹೊಲದ ಗೇಟಿನ ಸಪ್ಪಳ ಮಾಡುತ್ತಿದ್ದರು. ಕುರಿಮರಿ ಹುಟ್ಟುವ ಸಪ್ಪಳಕ್ಕೆ ಮೊಸರು ಮತ್ತು ಒದ್ದೆ ಟವೆಲ್ ಸಾಕಾಗುತ್ತಿತ್ತು. ನಮಗೆ ಬೇಕಾದದ್ದು ಎಮ್ಮೆ ಹಿಂಡುವ ಸಪ್ಪಳ, ಡೈರಿಯ ಕ್ಯಾನಿನ ಸಪ್ಪಳ, ಬಟ್ಟಲು ಕೆಳಗಿಡುವ ಸಪ್ಪಳ. ಕ್ಯಾನು ಮೆಸ್ಸಿನಲ್ಲಿ ಸಿಗುತ್ತದೆ, ಬಟ್ಟಲು ನಾನು ತರುತ್ತೇನೆ. ಎಮ್ಮೆಯ ಜವಾಬ್ದಾರಿ ಯಾರಾದರೂ ಹೊತ್ತುಕೊಳ್ಳಬೇಕು.