ಅವರು ಬರದಿದ್ದರೂ ನೀವು ಹೋಗಿ

ಬೆಳಿಗ್ಗೆ ಒಂಬತ್ತೂವರೆ. ಗಂಡ ಇನ್ನೂ ಹಾಸಿಗೆಯಿಂದ ಎದ್ದಿಲ್ಲ. ಆಫೀಸಿನಿಂದ ಫೋನು ಬರುತ್ತದೆ. ‘ಅವರಿಗೆ ರಾತ್ರಿಯಿಂದ ಜ್ವರ ಸಾರ್, ಇವತ್ತು ಬರೋಕಾಗಲ್ಲ’ ಎನ್ನುತ್ತೀರಿ. ಪಕ್ಕದ ಮನೆಯವರಿಗೆ ಇನ್ನೊಂದು ಸುಳ್ಳು, ತವರಿನವರಿಗೆ ಮತ್ತೊಂದು. ರಾತ್ರಿ ನಡೆದದ್ದು ಮಾತ್ರ ಯಾರಿಗೂ ಹೇಳುವಂತಿಲ್ಲ!

ನಮ್ಮಕ್ಕ ಹನ್ನೊಂದು ವರ್ಷ ಹೀಗೇ ಕಳೆದಳು. ಬಾಟಲಿ ಹುಡುಕಿ ಸಿಂಕಿಗೆ ಸುರಿದಳು. ಮಕ್ಕಳ ತಲೆ ಮುಟ್ಟಿಸಿ ಆಣೆ ಮಾಡಿಸಿದಳು. ಹರಕೆ ಹೊತ್ತಳು. ಆಣೆ ಮಾಡುವಾಗ ಭಾವನಿಗೂ ಬಿಡಬೇಕೆಂದೇ ಇರುತ್ತಿತ್ತು. ಮೂರನೇ ದಿನಕ್ಕೆ ಮತ್ತೆ ಅದೇ ಕತೆ. ಈ ಚಟ ಬರೀ ಕೆಟ್ಟ ಬುದ್ಧಿಯಲ್ಲ, ಕಾಯಿಲೆ ಕೂಡ ಹೌದು ಎಂದು ಅಕ್ಕನಿಗೆ ಅರ್ಥವಾದದ್ದು ಒಂದು ಸಭೆಯಲ್ಲಿ. ಆ ಸಭೆಗೆ ಹೋಗಿದ್ದು ಭಾವ ಅಲ್ಲ, ಅವಳೇ!

ಏನಿದು ಸಭೆ?

1935ರಲ್ಲಿ ಅಮೆರಿಕದಲ್ಲಿ ಕುಡಿತದಿಂದ ಸೋತುಹೋಗಿದ್ದ ಇಬ್ಬರು, ಅವರಲ್ಲೊಬ್ಬರು ವೈದ್ಯರು, ಪರಸ್ಪರ ಕಷ್ಟ ಹೇಳಿಕೊಳ್ಳುತ್ತಲೇ ಕುಡಿತದಿಂದ ಹೊರಬಂದರು. ಹಾಗೆ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಇದಕ್ಕೆ ಸೇರಲು ಕುಡಿತ ಬಿಡುವ ಆಸೆಯಿದ್ದರೆ ಸಾಕು. ಶುಲ್ಕವಿಲ್ಲ. ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಪೂರ್ತಿ ಹೆಸರನ್ನೂ ಹೇಳಬೇಕಿಲ್ಲ.

ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಅಲ್-ಅನಾನ್ ಶುರುವಾಯಿತು. ಗಂಡ ಬಿಡಲಿ, ಬಿಡದಿರಲಿ, ನೀವು ಇದಕ್ಕೆ ಹೋಗಬಹುದು. ಅದು ನಿಮ್ಮ ಊರಿನಲ್ಲಿ ಇಲ್ಲವೆಂದರೆ ಎ.ಎ.ಯ ‘ಮುಕ್ತ ಸಭೆ’ಗಳಿಗೆ ಮನೆಯವರೂ ಹೋಗಬಹುದು. ‘ಮುಚ್ಚಿದ ಸಭೆ’ ಮಾತ್ರ ಕುಡಿತ ಬಿಡಬೇಕೆನ್ನುವವರಿಗೇ ಮೀಸಲು.

ಹುಡುಕುವುದು ಹೇಗೆ?

* ಎ.ಎ. ಮತ್ತು ಅಲ್-ಅನಾನ್ ಜಾಲತಾಣಗಳಲ್ಲಿ ಸಭೆಗಳ ವಿವರ ಸಿಗುತ್ತದೆ. ನಿಮಗೆ ಬಾರದಿದ್ದರೆ ಮಗಳಿಗೋ ತಂಗಿಗೋ ಹೇಳಿ ನೋಡಿಸಿ.

* ಉಚಿತ ಸಹಾಯವಾಣಿಗಳಿವೆ. ವ್ಯಸನಮುಕ್ತಿಗೆ 14446, ಮನಸ್ಸಿನ ತೊಂದರೆಗಳಿಗೆ ಟೆಲಿ ಮಾನಸ್‌ನ 14416.

* ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ, ಬೇರೆ ಊರಿನಲ್ಲಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿ ವಿಚಾರಿಸಿ.

* ಧರ್ಮಸ್ಥಳದ ಕಡೆಯಿಂದ ಜಿಲ್ಲೆಗಳಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಗೆ ಹೋಗಿ ಬಂದವರು ನಿಮ್ಮ ಸುತ್ತಮುತ್ತಲೇ ಇರಬಹುದು. ಅವರನ್ನು ಮಾತಾಡಿಸಿ.

ಹೊರಡುವ ಮೊದಲು ಫೋನ್ ಮಾಡುವುದನ್ನು ಮರೆಯಬೇಡಿ. ಯಾರೋ ಬರೆದುಕೊಟ್ಟ ವಿಳಾಸ ಹಿಡಿದು ಹೋದ ಅಕ್ಕನಿಗೆ ಸಿಕ್ಕಿದ್ದು ಬೀಗ ಹಾಕಿದ ಬಾಗಿಲು! ಸಭೆಯ ಜಾಗ ಬದಲಾಗಿತ್ತು. ‘ನನ್ನ ಹಣೆಬರಹವೇ ಇಷ್ಟು’ ಎಂದು ಅಳುತ್ತಾ ವಾಪಸು ಬಂದವಳು ಮತ್ತೆ ಹೊರಡಲು ತಿಂಗಳು ಬೇಕಾಯಿತು. ಯಾವ ದಿನ, ಎಷ್ಟು ಹೊತ್ತಿಗೆ, ಕನ್ನಡದಲ್ಲಿ ಮಾತಾಡುತ್ತಾರಾ, ಹೆಂಗಸರು ಇರುತ್ತಾರಾ, ಎಲ್ಲ ಕೇಳಿಕೊಳ್ಳಿ. ಎಷ್ಟೋ ಸಭೆ ಚರ್ಚ್ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುತ್ತದೆ. ಗಾಬರಿ ಬೇಡ, ಜಾಗ ಅವರದ್ದು ಅಷ್ಟೇ. ಯಾವ ಧರ್ಮದವರೂ ಹೋಗಬಹುದು.

ಮೊದಲ ದಿನ

ಅಕ್ಕ ಸೆರಗು ಹೊದ್ದು ಕೊನೆಯ ಕುರ್ಚಿಯಲ್ಲಿ ಕೂತಿದ್ದಳಂತೆ. ಯಾರೂ ಏನೂ ಕೇಳಲಿಲ್ಲ. ಅಲ್ಲಿ ಮಾತಾಡಲೇಬೇಕೆಂದಿಲ್ಲ, ಕೇಳಿಸಿಕೊಂಡು ಬಂದರೂ ಸಾಕು. ಕೇಳಿದ್ದನ್ನು ಹೊರಗೆ ಹೇಳಬಾರದೆಂಬುದು ನಿಯಮ. ಒಬ್ಬ ಹೆಂಗಸು ಆಫೀಸಿಗೆ ‘ಜ್ವರ’ ಅಂತ ಹೇಳಿದ ಕತೆ ಶುರು ಮಾಡಿದಾಗ ಅಕ್ಕನ ಕಣ್ಣಲ್ಲಿ ನೀರು. ‘ನಾನೊಬ್ಬಳೇ ಅಲ್ವಲ್ಲೇ’ ಅಂತ ಅವತ್ತು ರಾತ್ರಿ ನನಗೆ ಫೋನ್ ಮಾಡಿದಳು. ಅವರ ಕುಡಿತಕ್ಕೆ ತಾನು ಕಾರಣಳಲ್ಲ, ಅದನ್ನು ಬಿಡಿಸುವುದು ತನ್ನ ಕೈಯಲ್ಲೂ ಇಲ್ಲ. ಇದು ತಿಳಿದ ಮೇಲೆ ಅವಳ ಎದೆಯ ಮೇಲಿನ ಕಲ್ಲು ಇಳಿಯಿತು.

ಎರಡು ಎಚ್ಚರಿಕೆ

ದಿನಾ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಹಾಗಾಗಿ ಮೊದಲು ವೈದ್ಯರಿಗೆ ತೋರಿಸಿ. ಸಭೆಯೇ ಔಷಧಿಯಲ್ಲ, ಚಿಕಿತ್ಸೆಯ ಜೊತೆಗಿನ ಆಸರೆ. ಇನ್ನು ಕುಡಿದು ಹೊಡೆಯುತ್ತಿದ್ದರೆ ಕಾಯಿಲೆ ಅಂತ ಸಹಿಸಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಒಂದು ಬೆಳಿಗ್ಗೆ ಆಫೀಸಿನಿಂದ ಮತ್ತೆ ಫೋನ್ ಬಂದಾಗ ಅಕ್ಕ ಜ್ವರ ಅನ್ನಲಿಲ್ಲ. ‘ಅವರಿಗೇ ಕೊಡ್ತೀನಿ ಸಾರ್, ಅವರೇ ಹೇಳ್ತಾರೆ’ ಎಂದು ಫೋನನ್ನು ಭಾವನ ಕೈಗಿಟ್ಟಳು. ಮನೆಯಲ್ಲಿ ಎರಡು ದಿನ ಮಾತಿಲ್ಲ. ಕೆಲವು ತಿಂಗಳ ಮೇಲೆ ಒಂದು ಸಂಜೆ ಭಾವನೇ ಕೇಳಿದರು, ‘ಎಲ್ಲಿದೆ ನಮ್ಮಂಥವರ ಸಭೆ?’ ನಡುವೆ ಒಮ್ಮೆ ಜಾರಿದರು, ಮತ್ತೆ ಹೋದರು. ಇವತ್ತಿನ ಮಟ್ಟಿಗೆ ಕುಡಿದಿಲ್ಲ. ನಾಳೆಯ ಮಾತು ನಾಳೆಗೆ.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎಂದು ನಾನು ಹೇಳಲಾರೆ. ಆದರೆ ವಾರಕ್ಕೊಂದು ಗಂಟೆ ಸುಳ್ಳು ಹೇಳದೆ ಕೂರುವ ಜಾಗ ನಿಮಗೂ ಬೇಕು. ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಒಂದು ಫೋನ್ ಮಾಡಿ ನೋಡಿ.