ನಗರದ ಕೊಳಕು ನದಿಯಲ್ಲಿ 400ಕ್ಕೂ ಹೆಚ್ಚು ಮೊಸಳೆ: ಇವುಗಳಿಗೆ ಊಟ ಎಲ್ಲಿಂದ?

2024ರ ಆಗಸ್ಟ್ ಕೊನೆಯಲ್ಲಿ ಗುಜರಾತ್‌ನ ವಡೋದರಾ ನಗರಕ್ಕೆ ವಿಶ್ವಾಮಿತ್ರಿ ನದಿ ನುಗ್ಗಿದಾಗ ನೀರಿನ ಜೊತೆ ಮೊಸಳೆಗಳೂ ಬಂದವು. ಆಗಸ್ಟ್ 27ರಿಂದ 29ರವರೆಗೆ, ಮೂರೇ ದಿನದಲ್ಲಿ ಜನವಸತಿ ಪ್ರದೇಶಗಳಿಂದ 24 ಮೊಸಳೆಗಳನ್ನು ರಕ್ಷಿಸಲಾಯಿತು. ನದಿಯಲ್ಲಿ ಸುಮಾರು 440 ಮೊಸಳೆಗಳಿವೆ ಎಂದು ಅರಣ್ಯಾಧಿಕಾರಿಗಳು ಆಗ ತಿಳಿಸಿದ್ದರು. ಪಾವಾಗಡ ಬೆಟ್ಟದಲ್ಲಿ ಹುಟ್ಟಿ ಬರುವ ಈ ಸಣ್ಣ ನದಿಗೆ ನಗರದ ಒಳಚರಂಡಿ ನೀರೂ ಸೇರುತ್ತದೆ. ಇಂಥ ಕಡೆ ಇಷ್ಟೊಂದು ಬೇಟೆಗಾರರ ಹೊಟ್ಟೆ ತುಂಬುವುದು ಹೇಗೆ?

ಮೊದಲು ಶಕ್ತಿಯ ಲೆಕ್ಕ ನೋಡೋಣ. ಬಿಸಿಲನ್ನು ಆಹಾರವಾಗಿ ಬದಲಿಸುವುದು ಪಾಚಿ ಮತ್ತು ಗಿಡಗಳು. ಅವನ್ನು ತಿನ್ನುವ ಜೀವಿಗೆ ಅದರಲ್ಲಿ ದಕ್ಕುವುದು ಸರಾಸರಿ ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದು ಉಸಿರಾಟ, ಓಡಾಟದಲ್ಲಿ ಶಾಖವಾಗಿ ಹೋಗುತ್ತದೆ, ಇಲ್ಲವೇ ತಿನ್ನದೆ, ಜೀರ್ಣವಾಗದೆ ಉಳಿಯುತ್ತದೆ. ಪಾಚಿಯಲ್ಲಿ 1,000 ಕ್ಯಾಲೊರಿ ಇದ್ದರೆ ಹುಳುಹುಪ್ಪಟೆಗೆ 100, ಮೀನಿಗೆ 10, ಮೊಸಳೆಗೆ ಬರೀ 1. ಒಂದು ಕಾಡಿನಲ್ಲಿ ಜಿಂಕೆ ನೂರಾರಿದ್ದರೂ ಹುಲಿ ಬೆರಳೆಣಿಕೆಯಷ್ಟಿರುವುದು ಇದೇ ಕಾರಣಕ್ಕೆ.

ಹಾಗಾದರೆ ಮೊಸಳೆ ನೂರಾರು ಇರುವುದು ಹೇಗೆ? ಗುಟ್ಟು ಅದರ ತಣ್ಣನೆಯ ರಕ್ತದಲ್ಲಿದೆ. ಹುಲಿ ತಿಂದದ್ದರಲ್ಲಿ ದೊಡ್ಡ ಪಾಲು ಮೈ ಬೆಚ್ಚಗಿಡಲು ಖರ್ಚಾಗುತ್ತದೆ. ಮೊಸಳೆಗೆ ಆ ಕೆಲಸ ಬಿಸಿಲೇ ಮಾಡಿಕೊಡುತ್ತದೆ. ದಂಡೆಯ ಮೇಲೆ ಬಾಯಿ ತೆರೆದು ಬಿದ್ದುಕೊಂಡಿರುವುದು ಸೋಮಾರಿತನವಲ್ಲ, ಉಳಿತಾಯ! ರಂಗನತಿಟ್ಟು, ದಾಂಡೇಲಿಯಲ್ಲಿ ಬಂಡೆಗಳ ಮೇಲೆ ಮಲಗಿರುವ ಮೊಸಳೆಗಳನ್ನು ನೀವೂ ನೋಡಿರಬಹುದು. ಅವೂ ಇದೇ 'ಮಗ್ಗರ್' ಜಾತಿಯವು. ದೊಡ್ಡ ಮೊಸಳೆ ವಾರಗಟ್ಟಲೆ ಏನೂ ತಿನ್ನದೆ ಇರಬಲ್ಲದು.

ಜೊತೆಗೆ ಅದು ಒಂದೇ ಆಹಾರ ಸರಪಳಿಗೆ ಕಟ್ಟುಬಿದ್ದಿಲ್ಲ. ಮರಿಗಳಿಗೆ ಕೀಟ, ಕಪ್ಪೆ ಸಾಕು. ದೊಡ್ಡವು ಮೀನು, ಆಮೆ, ಹಕ್ಕಿ, ನಾಯಿ, ಹಂದಿಯ ಜೊತೆಗೆ ಸತ್ತ ಪ್ರಾಣಿಗಳನ್ನೂ ತಿನ್ನುತ್ತವೆ. ಅಂದರೆ ನಗರದ ತ್ಯಾಜ್ಯವೂ ಸುತ್ತಿ ಬಳಸಿ ಅವುಗಳ ಊಟವಾಗುತ್ತದೆ. ಹಾಗಂತ ಕೊಳಕು ಒಳ್ಳೆಯದು ಎಂದಲ್ಲ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳೇ ಸಾಯುತ್ತವೆ.

ಊಟಕ್ಕಿಂತ ದೊಡ್ಡ ಚಿಂತೆ ದಂಡೆಯದ್ದು. ಮಗ್ಗರ್ ಬಿಲ ತೋಡುವುದು, ಗುಂಡಿ ಮಾಡಿ ಮೊಟ್ಟೆಯಿಡುವುದು ಮಣ್ಣಿನ ದಂಡೆಯಲ್ಲಿ. ಅಹಮದಾಬಾದ್‌ನಲ್ಲಿ ಸಾಬರಮತಿಯ ಎರಡೂ ದಡಕ್ಕೆ ಕಾಂಕ್ರೀಟ್ ಗೋಡೆ ಬಂದಾಗಿದೆ. ವಡೋದರಾದಲ್ಲೂ ರಿವರ್‌ಫ್ರಂಟ್ ಯೋಜನೆ ಶುರುವಾಗಿತ್ತು, ಆದರೆ 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದಕ್ಕೆ ತಡೆ ನೀಡಿತು. 2024ರ ಪ್ರವಾಹದ ಬಳಿಕ ನದಿಯ ಹೂಳೆತ್ತಿ ಅಗಲ ಮಾಡುವ ಕೆಲಸ ನಡೆದಿದೆ. ಮನೆಗೆ ನೀರು ನುಗ್ಗಿಸಿಕೊಂಡವರಿಗೆ ಇದು ಬೇಡ ಎನ್ನಲು ಯಾರಿಗೂ ಬಾಯಿ ಬಾರದು. ತೊಡಕು ಇರುವುದು ಸಮಯದಲ್ಲಿ. ಮಗ್ಗರ್ ಮೊಟ್ಟೆಯಿಡುವುದು ಹೆಚ್ಚಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಮರಿಗಳು ಹೊರಬರುವುದು ಮಳೆಗಾಲದ ಹೊಸ್ತಿಲಲ್ಲಿ. ನೀರು ಇಳಿದು, ಜೆಸಿಬಿಗಳು ನದಿಗಿಳಿಯಲು ಅನುಕೂಲವಾಗುವುದೂ ಅದೇ ತಿಂಗಳುಗಳಲ್ಲಿ.