ಹದಗೊಳಿಸಿದ ಉಕ್ಕಿನ ಉಪಕರಣಗಳಿಗೆ ಸಾಣೆಚಕ್ರದ ಆಯ್ಕೆ

ಕೋಲಾರ ಜಿಲ್ಲೆಯ ಅನೇಕ ಕಸುಬುಗಳು ಉಕ್ಕಿನ ಅಲಗನ್ನು ಆಶ್ರಯಿಸಿವೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳಿಗೆ ಉಳಿಯೂ, ಶ್ರೀನಿವಾಸಪುರದ ಮಾವಿನ ತೋಟಗಾರರಿಗೆ ಕಸಿಚಾಕುವೂ, ಮಾಲೂರು, ನರಸಾಪುರಗಳ ಕಾರ್ಖಾನೆಗಳಿಗೆ ಲೇತ್ ಯಂತ್ರದ ಟೂಲುಗಳೂ ಬೇಕು. ಮುಳಬಾಗಿಲು ತಾಲ್ಲೂಕಿನ ಆವನಿ, ಕುರುಡುಮಲೆಗಳ ಸುತ್ತ ಕಾಣುವಂಥ ಗ್ರಾನೈಟ್ ಬಂಡೆಯಲ್ಲಿ ಬೆಣಚು ಬೆರೆತಿರುವುದರಿಂದ ಉಕ್ಕಿನ ಮೊನೆ ಬೇಗನೆ ಮೊಂಡಾಗುತ್ತದೆ. ಮೊಂಡಾದುದನ್ನು ಸಾಣೆ ಹಿಡಿಯುವುದು ಸುಲಭವೆಂದು ತೋರಿದರೂ, ತಕ್ಕ ಚಕ್ರವನ್ನು ಆರಿಸದಿದ್ದರೆ ಅಂಚು ಹೊಳೆಯುತ್ತದೆಯೇ ಹೊರತು ಬಾಳುವುದಿಲ್ಲ.

ಇದಕ್ಕೆ ಕಾರಣ ಶಾಖ. ಇಂಗಾಲದ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ಅದು ಅತಿ ಕಠಿಣವೂ ಪೆಡಸೂ ಆಗುತ್ತದೆ. ಅನಂತರ ಸುಮಾರು 200ರಿಂದ 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಮತ್ತೆ ಕಾಯಿಸಿ ಬೇಕಾದ ಹದಕ್ಕೆ ತರುತ್ತಾರೆ. ಸಾಣೆ ಹಿಡಿಯುವಾಗ ಅಂಚು ನೀಲಿಗೆ ತಿರುಗಿದರೆ ಅಲ್ಲಿಯ ಶಾಖ 300 ಡಿಗ್ರಿಯ ಸಮೀಪಕ್ಕೆ ಏರಿತೆಂದೂ, ಆ ಭಾಗ ಮೃದುವಾಯಿತೆಂದೂ ತಿಳಿಯಬೇಕು. ಆಮೇಲೆ ನೀರಿನಲ್ಲಿ ಅದ್ದಿದರೆ ಹೋದ ಹದ ಮರಳಿ ಬಾರದು. ನೀಲಿಯಾದ ಭಾಗವನ್ನು ತೇಯ್ದು ಕಳೆಯಬೇಕು, ಇಲ್ಲವೇ ಉಪಕರಣವನ್ನು ಪುನಃ ಕುಲುಮೆಗೆ ಒಯ್ಯಬೇಕು. ಲೇತ್ ಟೂಲುಗಳ ಹೈಸ್ಪೀಡ್ ಉಕ್ಕು ಸುಮಾರು 600 ಡಿಗ್ರಿಯವರೆಗೆ ಗಡಸುತನವನ್ನು ಉಳಿಸಿಕೊಳ್ಳುತ್ತದೆ. ಆದರೆ ಅತಿಯಾಗಿ ಕಾದ ಟೂಲನ್ನು ಥಟ್ಟನೆ ನೀರಿಗೆ ಅದ್ದಿದರೆ ಅದರಲ್ಲಿ ಸೂಕ್ಷ್ಮವಾದ ಬಿರುಕುಗಳು ಹುಟ್ಟಬಹುದು.

ಸಾಣೆಚಕ್ರವು ಹರಳು, ಬಂಧಕ, ಇವುಗಳ ನಡುವಣ ರಂಧ್ರ ಎಂಬ ಮೂರರಿಂದ ಆದುದು. ಹರಳುಗಳಲ್ಲಿ ಮುಖ್ಯವಾದುವು ಎರಡು: ಅಲ್ಯೂಮಿನಿಯಂ ಆಕ್ಸೈಡ್ ಮತ್ತು ಸಿಲಿಕಾನ್ ಕಾರ್ಬೈಡ್. ಮೊದಲನೆಯದು ನಮ್ಮ ಕುರುಂದದ ಕಲ್ಲಿನ ವಸ್ತುವೇ. ಎರಡನೆಯದನ್ನು ಅಮೆರಿಕದ ಅಚೆಸನ್ 1891ರಲ್ಲಿ ವಿದ್ಯುತ್ತಿನ ಕುಲುಮೆಯಲ್ಲಿ ಪಡೆದನು. ಇವೆರಡರಲ್ಲಿ ಸಿಲಿಕಾನ್ ಕಾರ್ಬೈಡೇ ಹೆಚ್ಚು ಕಠಿಣವಾದರೂ ಉಕ್ಕಿಗೆ ಅದು ತಕ್ಕುದಲ್ಲ. ಉಜ್ಜುವ ಜಾಗದ ತೀವ್ರ ಶಾಖದಲ್ಲಿ ಅದು ಕಬ್ಬಿಣದೊಡನೆ ವರ್ತಿಸಿ ಬೇಗ ಸವೆಯುತ್ತದೆ. ಆದುದರಿಂದ ಉಕ್ಕಿಗೆ ಅಲ್ಯೂಮಿನಿಯಂ ಆಕ್ಸೈಡನ್ನೂ, ಟಂಗ್‌ಸ್ಟನ್ ಕಾರ್ಬೈಡಿನ ತುದಿಯುಳ್ಳ ಉಳಿಗೆ ಹಸುರು ಸಿಲಿಕಾನ್ ಕಾರ್ಬೈಡನ್ನು ಅಥವಾ ವಜ್ರದ ಚಕ್ರವನ್ನೂ ಬಳಸಬೇಕು.

ಚಕ್ರದ 'ಗಡಸು' ಎಂಬ ಮಾತು ಹರಳಿಗೆ ಸಂಬಂಧಿಸಿದುದಲ್ಲ. ಬಂಧಕವು ಹರಳನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನು ಸೂಚಿಸುತ್ತದೆ. ಕಠಿಣವಾದ ಉಕ್ಕು ಹರಳಿನ ಮೊನೆಯನ್ನು ಬೇಗ ಮೊಂಡಾಗಿಸುತ್ತದೆ. ಮೊಂಡಾದ ಹರಳು ಕತ್ತರಿಸದೆ ಬರಿದೇ ಉಜ್ಜಿ ಶಾಖವನ್ನು ಹುಟ್ಟಿಸುತ್ತದೆ. ಮೃದುವಾದ ಚಕ್ರವಾದರೆ ಅದನ್ನು ಉದುರಿಸಿ ಹೊಸ ಹರಳನ್ನು ಮುಂದೆ ತರುತ್ತದೆ. ಆದಕಾರಣ ಕಠಿಣ ಉಕ್ಕಿಗೆ ಮೃದು ಚಕ್ರ, ಮೃದು ಉಕ್ಕಿಗೆ ಗಡಸು ಚಕ್ರ ಎಂಬುದು ನಿಯಮ. ಮೇಲ್ನೋಟಕ್ಕೆ ಇದು ವಿಪರೀತವೆಂದು ತೋರುವುದರಿಂದಲೇ ಇಲ್ಲಿ ತಪ್ಪುಗಳಾಗುತ್ತವೆ.

ಚಕ್ರದ ಮೇಲಿನ ಗುರುತಿನಿಂದ ಈ ಗುಣಗಳನ್ನು ಅರಿಯಬಹುದು. 'ಡಬ್ಲ್ಯುಎ 60 ಕೆ 5 ವಿ' ಎಂದಿದ್ದರೆ ಬಿಳಿಯ ಅಲ್ಯೂಮಿನಿಯಂ ಆಕ್ಸೈಡ್, 60ನೆಯ ಅಳತೆಯ ಹರಳು, ಕೆ ಎಂಬ ಮೃದು ದರ್ಜೆ, 5ನೆಯ ರಚನೆ, ಪಿಂಗಾಣಿಯಂಥ ಬಂಧಕ ಎಂದರ್ಥ. ದರ್ಜೆಯ ಅಕ್ಷರಗಳು ಎ ಇಂದ ಜೆಡ್‌ವರೆಗೆ ಕ್ರಮವಾಗಿ ಗಡಸಾಗುತ್ತವೆ. ಹೈಸ್ಪೀಡ್ ಉಕ್ಕಿನ ಟೂಲುಗಳಿಗೆ ಈ ಬಗೆಯ ಚಕ್ರವೇ ಸೂಕ್ತ. ಕಸಿಚಾಕುವಿನಂಥ ತೆಳುವಾದ ಅಲಗಿಗಾದರೋ ನೀರು ಅಥವಾ ಎಣ್ಣೆ ಹಾಕಿದ ಸಾಣೆಕಲ್ಲೇ ಕ್ಷೇಮ.

ವೇಗವನ್ನೂ ಗಮನಿಸಬೇಕು. 200 ಮಿಲಿಮೀಟರ್ ವ್ಯಾಸದ ಚಕ್ರ ನಿಮಿಷಕ್ಕೆ 2,800 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 29 ಮೀಟರ್. ಸವೆದು 150 ಮಿಲಿಮೀಟರಿಗೆ ಇಳಿದಾಗ ಅದು 22 ಮೀಟರಿಗೆ ಕುಗ್ಗಿ, ಅದೇ ಚಕ್ರ ಹೆಚ್ಚು ಮೃದುವಾದುದರಂತೆ ವರ್ತಿಸುತ್ತದೆ. ಚಕ್ರದ ಮೇಲೆ ನಮೂದಿಸಿರುವ ಗರಿಷ್ಠ ವೇಗವನ್ನು ಎಂದಿಗೂ ಮೀರಕೂಡದು. ಜೋಡಿಸುವ ಮುನ್ನ ಮರದ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡಬೇಕು. ಸ್ವಚ್ಛವಾದ ನಾದಕ್ಕೆ ಬದಲು ಒಡಕು ದನಿ ಬಂದರೆ ಆ ಚಕ್ರವನ್ನು ಬಳಸಲಾಗದು.

ನಮ್ಮ ಕಾಲೇಜುಗಳ ಕಾರ್ಯಾಗಾರಗಳಲ್ಲಿ ಎರಡು ದರ್ಜೆಯ ಚಕ್ರಗಳನ್ನಿಟ್ಟು, ಒಂದೇ ಬಗೆಯ ಟೂಲನ್ನು ಎರಡರಲ್ಲಿಯೂ ಸಾಣೆ ಹಿಡಿದು ಅಂಚಿನ ಬಣ್ಣವನ್ನು ಹೋಲಿಸಿದರೆ ವಿದ್ಯಾರ್ಥಿಗಳಿಗೆ ಈ ನಿಯಮವು ಪ್ರತ್ಯಕ್ಷವಾಗಿ ಮನದಟ್ಟಾಗುತ್ತದೆ.